ಬಾಗುವ ಜಾಗ

ಗೊಂಬೆಯ ಮೈಯಲ್ಲಿ ಎಲ್ಲಕ್ಕಿಂತ ಮೊದಲು ಹೋಗುವುದು ಕೈ. ಮುಖದ ಬಣ್ಣ ಮಾಸಿದರೆ ಮತ್ತೆ ಬಳಿಯಬಹುದು, ಸೀರೆ ಹರಿದರೆ ಹೊಲಿಯಬಹುದು, ಸೂತ್ರ ಹರಿದರೆ ಆಟದ ನಡುವೆಯೇ ಗಂಟು ಹಾಕಿ ಮುಂದುವರಿಯಬಹುದು. ಬೆರಳಿನೊಳಗಿನ ತಂತಿ ಮುರಿದರೆ ಹಾಗಲ್ಲ. ಹೊರಗಿನ ಬಟ್ಟೆ ನೆಟ್ಟಗೇ ಇರುತ್ತದೆ, ಹೊಲಿಗೆ ಬಿಟ್ಟಿರುವುದಿಲ್ಲ, ದೂರದಿಂದ ನೋಡಿದವರಿಗೆ ಏನೂ ಆಗಿಲ್ಲವೆಂದೇ ಅನ್ನಿಸುತ್ತದೆ. ಆಶೀರ್ವಾದಕ್ಕೆ ಎತ್ತಿದ ಅಂಗೈಯಲ್ಲಿ ಒಂದು ಬೆರಳು ಮಾತ್ರ ಮಾತು ಕೇಳದೆ ಜೋತು ಬೀಳುತ್ತದೆ. ಎತ್ತಿ ನಿಲ್ಲಿಸಿದರೆ ಮತ್ತೆ ಬೀಳುತ್ತದೆ.

ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಕೂತು ಗೊಂಬೆ ಮಾಡುವವಳು ನಾನು. ಬಟ್ಟೆ, ಸ್ಪಂಜು, ರಟ್ಟು, ತಂತಿ ಇಷ್ಟರಿಂದ ಆಗುವ ಗೊಂಬೆಗಳು. ಹೆಚ್ಚಿನವು ಶಾಲೆಯ ಮಕ್ಕಳ ಕೈಗೆ ಹೋಗುತ್ತವೆ. ಮಕ್ಕಳು ಗೊಂಬೆಯ ಮುಖ ನೋಡಿ ನಗುತ್ತಾರೆ, ಆದರೆ ಹಿಡಿಯುವುದು ಕೈಯನ್ನು. ಹಾಗಾಗಿ ನನ್ನ ಯೋಚನೆಯ ದೊಡ್ಡ ಪಾಲು ಕೈಯ ಮೇಲೆಯೇ ಖರ್ಚಾಗಿದೆ. ಹೇಳಿದತ್ತ ಬಾಗಬೇಕು, ಬಾಗಿದ ಮೇಲೆ ಹಾಗೆಯೇ ನಿಲ್ಲಬೇಕು, ಮುರಿಯಲೂ ಬಾರದು. ಈ ಮೂರನ್ನೂ ಒಂದು ತುಂಡು ತಂತಿಯಿಂದ ಕೇಳುವಾಗ ನಾವು ಎಷ್ಟು ದೊಡ್ಡದನ್ನು ಕೇಳುತ್ತಿದ್ದೇವೆ ಎಂಬುದು ತಂತಿಯ ಜೊತೆ ಒಡನಾಡಿದ ಮೇಲೆಯೇ ತಿಳಿಯುವುದು.

ನಮ್ಮ ಹಿಂದಿನ ಗೊಂಬೆಯಾಟದವರು ಬೆರಳಿನ ಮೇಲೆ ಈ ಹೊರೆ ಹಾಕಲೇ ಇಲ್ಲ. ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನದವರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಯಕ್ಷಗಾನ ಗೊಂಬೆಯಾಟ ನಾಡಿಗೆಲ್ಲ ಗೊತ್ತು. ಕೊಗ್ಗ ಕಾಮತರ ಕಾಲದಲ್ಲಿ ಅದು ಹೊರದೇಶಗಳನ್ನೂ ಕಂಡಿತು. ಆ ಮರದ ಗೊಂಬೆಗಳಿಗೆ ಭುಜದಲ್ಲಿ, ಮೊಣಕೈಯಲ್ಲಿ, ಸೊಂಟದಲ್ಲಿ, ಮೊಣಕಾಲಿನಲ್ಲಿ ಕೀಲುಗಳಿವೆ. ಬೆರಳಿಗೆ ಕೀಲಿಲ್ಲ. ತೋಳು ಸರಿಯಾಗಿ ಆಡಿದರೆ ಬೆರಳೂ ಆಡಿತೆಂದು ನೋಡುವ ಕಣ್ಣು ತಾನಾಗಿಯೇ ನಂಬುತ್ತದೆ, ಅದು ಅವರಿಗೆ ಗೊತ್ತಿತ್ತು. ಬಯಲುಸೀಮೆಯ ಸೂತ್ರ ಸಲಾಕೆ ಗೊಂಬೆಗಳಲ್ಲಿ ಇನ್ನೂ ಚಂದದ ಏರ್ಪಾಡಿದೆ. ಗೊಂಬೆಯ ಮೈ ಹೊರುವ ದಾರಗಳು ಆಡಿಸುವವನ ತಲೆಯ ಮೇಲಿನ ಬಳೆಗೆ ಕಟ್ಟಿರುತ್ತವೆ. ಗೊಂಬೆಯ ಎರಡು ಕೈಗಳಿಗೆ ಎರಡು ಕಬ್ಬಿಣದ ಸಲಾಕೆ, ಅವು ಅವನ ಎರಡು ಕೈಗಳಲ್ಲಿ. ಭಾರವೆಲ್ಲ ತಲೆಗೆ, ಚಲನೆಯೆಲ್ಲ ಕೈಗೆ. ಎರಡನ್ನೂ ಒಂದರ ಮೇಲೆಯೇ ಹೇರಬಾರದೆಂದು ಯಾರೋ ಬಹಳ ಹಿಂದೆಯೇ ಯೋಚಿಸಿದ್ದಾರೆ.

ತೊಗಲು ಗೊಂಬೆಯ ತೋಳನ್ನು ಹತ್ತಿರದಿಂದ ನೋಡಿ. ಮೇಕೆಯ ಚರ್ಮ ಹದ ಮಾಡಿ, ಕೊರೆದು, ಬಣ್ಣ ಹಾಕಿದ ತೋಳು. ಕೀಲಿನಲ್ಲಿ ಒಂದು ತೂತು, ತೂತಿನಲ್ಲಿ ಗಂಟು ಹಾಕಿದ ದಾರ. ತೋಳು ಎಷ್ಟೇ ಸಲ ಎದ್ದು ಬಿದ್ದರೂ ಸವೆಯುವುದು ದಾರ, ಚರ್ಮವಲ್ಲ. ದಾರ ಹೋದರೆ ಇನ್ನೊಂದು ಗಂಟು. ಅದಕ್ಕೇ ಅಜ್ಜನ ಕಾಲದ ಗೊಂಬೆ ಮೊಮ್ಮಗನ ಕಾಲಕ್ಕೂ ಪರದೆಯ ಹಿಂದೆ ನಿಲ್ಲುತ್ತದೆ. ಇಂಥ ಗೊಂಬೆ ಆಡಿಸುವ, ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ತೊಂಬತ್ತು ದಾಟಿದ ಆ ಅಜ್ಜಿಯ ಫೋಟೋ ಪತ್ರಿಕೆಗಳಲ್ಲೆಲ್ಲ ಬಂತು. ನನಗೆ ಖುಷಿಯಾಯಿತು. ಇಷ್ಟು ತಡವಾಗಿ ಬಂತಲ್ಲ ಎಂಬ ಸಂಕಟವೂ ಆಯಿತು.

ಹಾಗಾದರೆ ನನ್ನಂಥವರು ಬೆರಳಿಗೆ ಯಾಕೆ ತಂತಿ ಹಾಕಬೇಕು? ಇವತ್ತಿನ ಆಟ ಹತ್ತಿರದ ಆಟ, ಅದಕ್ಕೆ. ಊರ ಬಯಲಿನಲ್ಲಿ ದೀಪದ ಬೆಳಕಿನಲ್ಲಿ ದೂರ ಕೂತು ನೋಡುತ್ತಿದ್ದ ಗೊಂಬೆ ಈಗ ತರಗತಿಯ ಮೇಜಿನ ಮೇಲಿದೆ, ಮೊಬೈಲಿನ ಕ್ಯಾಮೆರಾದ ಮುಂದಿದೆ, ಮಗುವಿನ ಮಡಿಲಿನಲ್ಲಿದೆ. ಧಾರವಾಡದಲ್ಲಿ ಪ್ರಕಾಶ ಗರುಡ ಮತ್ತು ರಜನಿ ಗರುಡ ದಂಪತಿ ತಮ್ಮ ಗೊಂಬೆಮನೆಯ ಮೂಲಕ ಗೊಂಬೆಯನ್ನು ಮಕ್ಕಳ ಬಳಿಗೆ ಒಯ್ದಿದ್ದರಿಂದ ನಮ್ಮ ಕಡೆಯ ಎಷ್ಟೋ ಶಾಲೆಗಳಲ್ಲಿ ಮೇಷ್ಟ್ರುಗಳಿಗೆ ಗೊಂಬೆ ಹಿಡಿಯುವ ಸಂಕೋಚ ಹೋಗಿದೆ. ಮಗುವಿನ ಕಥೆಗೆ ಬೆರಳು ಬೇಕು. ರೊಟ್ಟಿ ಕೊಡಬೇಕು, ಕಣ್ಣೀರು ಒರೆಸಬೇಕು, ಬೇಡವೆಂದು ತಳ್ಳಬೇಕು, ಇನ್ನೊಂದು ಕೈಯನ್ನು ಹಿಡಿಯಬೇಕು. ಚಿತ್ರ ಚಿತ್ರವಾಗಿ ತೆಗೆದು ಓಡಿಸುವ ಗೊಂಬೆ ಸಿನಿಮಾದಲ್ಲಂತೂ ಸೆಕೆಂಡಿಗೆ 24 ಚೌಕಟ್ಟು; ಎರಡೆರಡು ಚೌಕಟ್ಟಿಗೆ ಒಂದು ಭಂಗಿ ಎಂದರೂ ಒಂದು ನಿಮಿಷಕ್ಕೆ 720 ಸಲ ಗೊಂಬೆಯನ್ನು ಮುಟ್ಟಿ ಸರಿಸಬೇಕು. 1912ರ ಸುಮಾರಿಗೆ ರಷ್ಯಾದಲ್ಲಿ ಲಾಡಿಸ್ಲಾವ್ ಸ್ಟಾರೆವಿಚ್ ಸತ್ತ ಜೀರುಂಡೆಗಳ ಕಾಲು ಕಿತ್ತು, ಆ ಜಾಗದಲ್ಲಿ ತಂತಿ ಇಟ್ಟು, ಅರಗಿನಿಂದ ಅಂಟಿಸಿ ಅವುಗಳಿಂದ ಸಿನಿಮಾ ಮಾಡಿದ. ಗೊಂಬೆ ಸಿನಿಮಾದ ಆರಂಭದ ಪಾತ್ರಧಾರಿಗಳಲ್ಲಿ ಕೆಲವರು ನಿಂತದ್ದೇ ತಂತಿಯ ಮೇಲೆ.

ಒಂದು ಕೈಯನ್ನು ಬಿಚ್ಚಿ ತೋರಿಸುತ್ತೇನೆ. ಬೇಕಾದದ್ದು ಮೆತ್ತನೆಯ ಅಲ್ಯೂಮಿನಿಯಂ ತಂತಿ, 1 ಮಿಲಿಮೀಟರಿನಷ್ಟು ದಪ್ಪ. ಸೆಂಟರಿಂಗ್ ಕೆಲಸದವರು ಸರಳು ಬಿಗಿಯುವ ಬೈಂಡಿಂಗ್ ತಂತಿ ಅಗ್ಗ, ಎಲ್ಲೆಡೆ ಸಿಗುತ್ತದೆ, ಆದರೆ ತುಕ್ಕು ಹಿಡಿದು ಒಳಗಿನಿಂದ ಬಟ್ಟೆಯನ್ನು ಕಂದು ಮಾಡುತ್ತದೆ. ತಾಮ್ರದ ಬಗ್ಗೆ ಗೋಕುಲ ರಸ್ತೆಯ ಕಡೆ ಮೋಟಾರು ವೈಂಡಿಂಗ್ ಮಾಡುವ ಒಬ್ಬರು ಹೇಳಿದ್ದೇ ನಿಜ: “ತಾಮ್ರಾ ಬ್ಯಾಡ್ರಿ ಅಕ್ಕಾರ. ಮದ್ಲ ನಾಕ ಸಲ ಹೇಳ್ದಂಗ ಕೇಳ್ತೈತಿ, ಆಮ್ಯಾಲ ಸೆಟಕೊಂಡ ಕುಂದರತೈತಿ.” ಒಂದೊಂದು ಬೆರಳಿಗೆ ಒಂದೊಂದು ತುಂಡು ತೆಗೆದುಕೊಂಡು ನಡುವೆ ಮಡಿಸಿ, ಎರಡು ಎಳೆಗಳನ್ನು ಸಡಿಲವಾಗಿ ಹೊಸೆಯಬೇಕು. ಮಡಿಸಿದ ತುದಿ ಉಗುರಿನ ಜಾಗಕ್ಕೆ ಬರುತ್ತದೆ, ಅಲ್ಲಿ ಪುಟ್ಟ ಕುಣಿಕೆ ಉಳಿಯುತ್ತದೆ, ಹಾಗಾಗಿ ತಂತಿಯ ಮೊನೆ ಬಟ್ಟೆ ತೂರಿ ಮಗುವಿನ ಕಣ್ಣಿಗೆ ಬರುವುದಿಲ್ಲ. ಹೊಸೆಯುವ ಕೆಲಸಕ್ಕೆ ಡ್ರಿಲ್ ಮಷಿನ್ ಹಚ್ಚುವವರಿದ್ದಾರೆ. ಅದು ಬೇಗ ಆಗುತ್ತದೆ, ಬಿಗಿಯಾಗಿ, ನೋಡಲು ಹಗ್ಗದಷ್ಟು ಚಂದವಾಗಿ ಬರುತ್ತದೆ. ಆದರೆ ಆ ಬಿಗಿತದಲ್ಲೇ ತಂತಿ ತನ್ನ ಆಯುಷ್ಯದ ಒಂದು ಪಾಲನ್ನು ಕಳೆದುಕೊಂಡಿರುತ್ತದೆ. ಮಗು ಇನ್ನೂ ಮುಟ್ಟಿರುವುದಿಲ್ಲ, ಬೆರಳು ಆಗಲೇ ಬಿರುಸಾಗಿರುತ್ತದೆ.

ಐದು ಬೆರಳುಗಳ ಬಾಲಗಳೂ ಅಂಗೈಗೆ ಬಂದು ಸೇರುತ್ತವೆ. ಅವಸರದಲ್ಲಿ ಮಾಡುವವರು ಐದನ್ನೂ ಒಂದೇ ಬಿಂದುವಿನಲ್ಲಿ ಕೂಡಿಸಿ ಬೆಸುಗೆ ಹಾಕುತ್ತಾರೆ, ಇಲ್ಲವೆ ಎಂಸೀಲ್ ಅಂಟಿನ ಉಂಡೆಯಲ್ಲಿ ಹುಗಿಯುತ್ತಾರೆ. ಗಟ್ಟಿಯಾದ ಉಂಡೆ ಮುಗಿದು ಮೆತ್ತನೆಯ ತಂತಿ ಶುರುವಾಗುವ ಅಂಚು ಇದೆಯಲ್ಲ, ಬೆರಳು ಮುರಿಯುವುದು ಅಲ್ಲಿಯೇ. ಎಲ್ಲ ಬಾಗೂ ಆ ಕೂದಲೆಳೆಯಷ್ಟು ಜಾಗದಲ್ಲಿ ನಡೆಯುತ್ತದೆ. ಅದರ ಬದಲು ಬಾಲಗಳನ್ನು ಬೇರೆ ಬೇರೆ ಎತ್ತರದಲ್ಲಿ, ಸ್ವಲ್ಪ ಸ್ವಲ್ಪ ಸೊಟ್ಟ ಮಾಡಿ ಅಂಗೈಯಲ್ಲಿ ಹರಿಸಿ, ಹತ್ತಿ ದಾರ ಸುತ್ತಿ ಹಿಡಿಸಬೇಕು. ಬೆರಳಿನ ಗೆಣ್ಣುಗಳ ನಡುವೆ ಎಲುಬಿನ ಹಾಗೆ ಎಂಸೀಲ್ ಹಚ್ಚುವುದಾದರೆ ಗೆಣ್ಣಿನ ಜಾಗವನ್ನು ಧಾರಾಳವಾಗಿ ಬಿಡಬೇಕು, ಎಲುಬಿನ ತುದಿಯನ್ನು ಉಗುರಿನಿಂದ ಒತ್ತಿ ದುಂಡಗೆ ಮಾಡಬೇಕು. ಆಮೇಲೆ ದಾರ, ತೆಳು ಸ್ಪಂಜು, ಕೊನೆಗೆ ಬಟ್ಟೆ.

ತಂತಿಯನ್ನು ಬಗ್ಗಿಸಿದಾಗ ಬಾಗಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಎಷ್ಟು ಹಿಗ್ಗುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ: ತಂತಿಯ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿ. 2 ಮಿಲಿಮೀಟರ್ ದಪ್ಪದ ತಂತಿಯನ್ನು 5 ಮಿಲಿಮೀಟರ್ ತ್ರಿಜ್ಯದಲ್ಲಿ ಬಗ್ಗಿಸಿದರೆ ಹೊರಮೈ ನೂರಕ್ಕೆ 20ರಷ್ಟು ಹಿಗ್ಗಬೇಕು. ಅದೇ ಬಾಗು 1 ಮಿಲಿಮೀಟರ್ ತಂತಿಗೆ ನೂರಕ್ಕೆ 10ರಷ್ಟು ನೋವು. ಬಾಗನ್ನೇ ಅಗಲ ಮಾಡಿ ತ್ರಿಜ್ಯವನ್ನು 10ಕ್ಕೆ ಏರಿಸಿದರೆ ಬರೀ 5. ಲೋಹ ಒಂದೇ, ಬೆರಳು ಒಂದೇ, ಆಡುವ ಆಟವೂ ಒಂದೇ. ಹೊರೆ ಹಂಚಿದ ರೀತಿಯಲ್ಲಿ ಮಾತ್ರ ವ್ಯತ್ಯಾಸ. 2 ಮಿಲಿಮೀಟರಿನ ಒಂದು ತಂತಿಯಲ್ಲಿರುವಷ್ಟೇ ಲೋಹ 1 ಮಿಲಿಮೀಟರಿನ ನಾಲ್ಕು ತಂತಿಗಳಲ್ಲಿದೆ, ಆದರೆ ನಾಲ್ಕು ಎಳೆಗಳ ಬೆರಳು ಎಷ್ಟೋ ಪಾಲು ಹೆಚ್ಚು ಬಾಳುತ್ತದೆ. ಒಂದು ಕೊರತೆಯಿದೆ, ಅದನ್ನೂ ಹೇಳಬೇಕು: ನಾಲ್ಕು ಎಳೆಗಳ ಕೈ ಭಾರ ಎತ್ತುವುದಿಲ್ಲ. ಭೀಮನ ಕೈಗೆ ಕಟ್ಟಿಗೆಯ ಗದೆ ಕೊಟ್ಟರೆ ಮಣಿಕಟ್ಟು ಇಳಿದುಹೋಗುತ್ತದೆ. ಅದಕ್ಕೆ ಪರಿಹಾರ ದಪ್ಪ ತಂತಿಯಲ್ಲ, ಥರ್ಮಾಕೋಲಿನ ಗದೆ. ಕೈಯನ್ನು ಗಟ್ಟಿ ಮಾಡುವ ಮೊದಲು ಹೊರುವುದನ್ನು ಹಗುರ ಮಾಡಲಾಗುತ್ತದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ನನ್ನನ್ನು ಬಹಳ ಕಾಡಿದ ಸಂಗತಿ ಇದಕ್ಕಿಂತ ಒಂದು ಹೆಜ್ಜೆ ಆಚೆಗಿದೆ. ಲೋಹಗಳು ಎರಡು ರೀತಿ ಬಾಗುತ್ತವೆ. ಸ್ಪ್ರಿಂಗು ಬಾಗುತ್ತದೆ, ಕೈ ಬಿಟ್ಟೊಡನೆ ಮರಳಿ ತನ್ನ ಆಕಾರಕ್ಕೆ ಬರುತ್ತದೆ. ಅಂಥ ಬಾಗಿನಿಂದ ಅದಕ್ಕೆ ಹೆಚ್ಚು ಹಾನಿಯಿಲ್ಲ, ಲಕ್ಷ ಸಲ ಬಾಗಿಯೂ ಇರುತ್ತದೆ. ಆದರೆ ಬಾಗಿದ್ದು ಬಾಗಿದಂತೆಯೇ ನಿಲ್ಲಬೇಕಾದರೆ ಲೋಹದ ಒಳಗಿನ ಕಣಗಳ ಸಾಲುಗಳು ಒಂದರ ಮೇಲೊಂದು ಜಾರಿ ಹೊಸ ಜಾಗದಲ್ಲಿ ಕೂರಬೇಕು. ಪ್ರತಿ ಸಲವೂ ಅಲ್ಲಿ ಸಿಕ್ಕುಗಳು ಹೆಚ್ಚುತ್ತವೆ, ಲೋಹ ಬಿರುಸಾಗುತ್ತದೆ, ಕೊನೆಗೊಂದು ದಿನ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ನಿಂತ ಭಂಗಿಗೆಲ್ಲ ಬೆಲೆಯಿದೆ. ಗೊಂಬೆಯ ಕೈ ನಾವು ಇಟ್ಟ ಹಾಗೆ ನಿಂತಿದೆ ಎಂದರೆ, ಹಾಗೆ ನಿಲ್ಲಲು ಅದು ತನ್ನ ಆಯುಷ್ಯದಿಂದ ಒಂದಿಷ್ಟು ತೆತ್ತಿದೆ.

ಮನುಷ್ಯರಲ್ಲೂ ಇಂಥವರಿದ್ದಾರೆ. ಬೈದಾಗ ಬಾಗಿ, ಬೈದವರು ಆಚೆ ಹೋದಮೇಲೆ ತಮ್ಮ ಪಾಡಿಗೆ ಮರಳುವವರ ಬಗ್ಗೆ ನಾನು ಚಿಂತೆ ಮಾಡುವುದಿಲ್ಲ, ಅವರು ಬಾಳುತ್ತಾರೆ. ನನಗೆ ಚಿಂತೆ, ಇಟ್ಟ ಹಾಗೆ ನಿಲ್ಲುವವರದು. ನಮ್ಮ ಕಡೆಯ ಮನೆಗಳಲ್ಲಿ ಹೆಣ್ಣುಮಗಳಿಗೆ ಹೇಳುವ ಮೊದಲ ಬುದ್ಧಿಮಾತು “ಹೊಂದಕೊಂಡ ಹೋಗವಾ” ಎಂದು. ಅವಳು ಹೊಂದಿಕೊಳ್ಳುತ್ತಾಳೆ. ಅತ್ತೆಯ ಹೊತ್ತಿಗೆ, ಮಾವನ ಪಥ್ಯಕ್ಕೆ, ಗಂಡನ ಪಾಳಿಗೆ, ಮಕ್ಕಳ ಪರೀಕ್ಷೆಗೆ. ಪ್ರತಿಯೊಂದೂ ಸಣ್ಣ ಬಾಗು, ಎಣಿಸಿ ಹೇಳಲೂ ನಾಚಿಕೆಯಾಗುವಷ್ಟು ಸಣ್ಣದು. ಅವಳು ಚೆನ್ನಾಗಿ ಬಾಗುತ್ತಾಳೆ ಎಂಬ ಕಾರಣಕ್ಕೇ ಮನೆಯ ಎಲ್ಲ ಬಾಗೂ ಅವಳ ಪಾಲಿಗೆ ಬರುತ್ತದೆ. ಮಿಕ್ಕವರು ಎಲುಬಿನ ಹಾಗೆ ನೆಟ್ಟಗೆ ಉಳಿಯುತ್ತಾರೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆ ಕಟ್ಟಿದವರು ಮನೆಯೊಳಗಿನ ಲೆಕ್ಕ ಕಂಡವರೇ ಇರಬೇಕು. ಹಾಗೆಂದು ಇದು ಹೆಂಗಸರ ಪಾಡು ಮಾತ್ರವಲ್ಲ. ಯಾವ ಕಚೇರಿಯಲ್ಲಿ ನೋಡಿದರೂ “ಅವಂಗ ಹೇಳ್ರಿ, ಅಂವ ಇಲ್ಲ ಅನ್ನಂಗಿಲ್ಲ” ಎನ್ನಿಸಿಕೊಳ್ಳುವ ಒಬ್ಬ ಇರುತ್ತಾನೆ. ಇಲ್ಲ ಎನ್ನದವನು ಎಂಬ ಹೊಗಳಿಕೆಯೇ ಅವನ ಮೇಲಿನ ಹೊರೆಗೆ ಪರವಾನಗಿ.

ಉಣಕಲ್ಲಿನವರು ರೈಲಿನ ಸದ್ದು ಕೇಳುತ್ತಲೇ ಬೆಳೆದವರು. ಹುಬ್ಬಳ್ಳಿ–ಧಾರವಾಡ ದಾರಿಯಲ್ಲಿ ನಮ್ಮದೂ ಒಂದು ಪುಟ್ಟ ನಿಲ್ದಾಣವಿದೆ. ಹುಬ್ಬಳ್ಳಿಯಲ್ಲಿ ಬ್ರಿಟಿಷರ ಕಾಲದ ರೈಲ್ವೆ ಕಾರ್ಖಾನೆಯಿದೆ, ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯಿದೆ. ಲೋಹ ದಣಿಯುತ್ತದೆ ಎಂಬುದನ್ನು ಜಗತ್ತು ಕಲಿತದ್ದು ಮುಖ್ಯವಾಗಿ ರೈಲಿನಿಂದ. 1842ರ ಮೇ ತಿಂಗಳಿನಲ್ಲಿ ವರ್ಸೇಲ್ಸಿನ ಉತ್ಸವ ಮುಗಿಸಿ ಪ್ಯಾರಿಸ್ಸಿಗೆ ಮರಳುತ್ತಿದ್ದ ಜನರ ರೈಲು ಮ್ಯೂಡಾನ್ ಹತ್ತಿರ ಹಳಿ ತಪ್ಪಿತು. ಮುಂದಿನ ಎಂಜಿನ್ನಿನ ಗಾಲಿಯ ಅಚ್ಚು ಮುರಿದಿತ್ತು. ಹಿಂದಿನ ಡಬ್ಬಿಗಳು ಅದರ ಮೇಲೇರಿ ಹೊತ್ತಿಕೊಂಡವು, ಡಬ್ಬಿಗಳ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು, 50ಕ್ಕೂ ಹೆಚ್ಚು ಜನ ಸುಟ್ಟುಹೋದರು. ಅಚ್ಚು ಆ ದಿನ ಹೊರಬಾರದ ಭಾರವನ್ನೇನೂ ಹೊತ್ತಿರಲಿಲ್ಲ. ದಿನವೂ ಹೊರುತ್ತಿದ್ದಷ್ಟನ್ನೇ ಹೊತ್ತಿತ್ತು.

ಮರುವರ್ಷ, ಆಗಿನ್ನೂ ತರುಣನಾಗಿದ್ದ ಸ್ಕಾಟ್ಲೆಂಡಿನ ಎಂಜಿನಿಯರ್ ವಿಲಿಯಂ ರಾಂಕಿನ್ ಮುರಿದ ಅಚ್ಚುಗಳ ಬಗ್ಗೆ ಬರೆದ. ಅಚ್ಚು ದಪ್ಪದಿಂದ ಸಣ್ಣಕ್ಕೆ ಇಳಿಯುವ ಕಡೆ ಮೂಲೆ ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಶುರುವಾಗಿ ದಿನದಿನಕ್ಕೆ ಒಳಗೆ ಹೋಗುತ್ತದೆ. ಆ ಮೂಲೆಯನ್ನು ದುಂಡಗೆ ಮಾಡಿ ಎಂದ. ಮುಂದೆ ಜರ್ಮನಿಯಲ್ಲಿ ಆಗಸ್ಟ್ ವೋಲರ್ ಎಂಬ ರೈಲ್ವೆ ಎಂಜಿನಿಯರ್ ಅಚ್ಚುಗಳನ್ನು ಯಂತ್ರಕ್ಕೆ ಹಾಕಿ, ವರ್ಷಗಟ್ಟಲೆ ತಿರುಗಿಸಿ ತಿರುಗಿಸಿ, ಒಮ್ಮೆಗೇ ಮುರಿಯಲು ಬೇಕಾಗುವುದಕ್ಕಿಂತ ಬಹಳ ಕಡಿಮೆ ಬಲವೂ ಮತ್ತೆ ಮತ್ತೆ ಬಿದ್ದರೆ ಸಾಕು, ಲೋಹ ಮುರಿಯುತ್ತದೆ ಎಂದು ತೋರಿಸಿದ. ಅವನ ಫಲಿತಾಂಶಗಳು 1870ರಲ್ಲಿ ಪೂರ್ಣವಾಗಿ ಪ್ರಕಟವಾದವು. ಹಾಗೆ ಮುರಿದ ಅಚ್ಚಿನ ಮುಖದಲ್ಲಿ ಎರಡು ಭಾಗ ಕಾಣುತ್ತದೆ. ಬಹುಕಾಲದಿಂದ ಬಿರುಕು ಬಿಟ್ಟು ಒಂದಕ್ಕೊಂದು ಉಜ್ಜಿ ನುಣುಪಾಗಿ ಕಪ್ಪಾದ ಭಾಗ, ಕೊನೆಯ ಗಳಿಗೆಯಲ್ಲಿ ಹರಿದ ಒರಟಾದ ಹೊಳೆಯುವ ಭಾಗ. ಕಪ್ಪು ಭಾಗದ ಹಿಂದೆ ವರ್ಷಗಳಿವೆ, ಹೊಳೆಯುವ ಭಾಗದ ಹಿಂದೆ ಒಂದು ಕ್ಷಣ. ವಿಚಾರಣೆಗೆ ಬಂದವರ ಕಣ್ಣು ಮೊದಲು ಹೊಳೆಯುವುದರ ಮೇಲೆಯೇ ಬೀಳುತ್ತದೆ.

ಶಾಲೆಗಳಲ್ಲಿ ಇದನ್ನು ನಾನು ಕಣ್ಣಾರೆ ಕಾಣುತ್ತೇನೆ. ಗೊಂಬೆಯ ಬೆರಳು ಮುರಿದಾಗ ಮೊದಲು ಏಳುವ ಮಾತು “ಯಾರು ಮುರದ್ರು?”. ಆ ಹೊತ್ತಿಗೆ ಗೊಂಬೆ ಯಾರ ಕೈಯಲ್ಲಿತ್ತೋ ಆ ಮಗು ಎದ್ದು ನಿಲ್ಲುತ್ತದೆ. ಅದರ ಮುಖ ನೋಡಲಾಗುವುದಿಲ್ಲ. ಮಿಕ್ಕವರೆಲ್ಲ ಬಚಾವಾದೆವೆಂದು ಉಸಿರು ಬಿಡುತ್ತಾರೆ. ಅವರಲ್ಲಿ ಪ್ರತಿಯೊಬ್ಬರೂ ಆ ಬೆರಳನ್ನು ಎಷ್ಟೋ ಸಲ ಹಿಂದಕ್ಕೆ ಬಗ್ಗಿಸಿದವರೇ. ಮುರಿದದ್ದು ಎಲ್ಲರ ಬಾಗೂ ಸೇರಿ, ನಿಂತದ್ದು ಒಂದು ಮಗು. ಮನೆಯಲ್ಲಿಯೂ ನಡೆಯುವುದು ಇದೇ. ಎಂದೂ ಎದುರಾಡದವಳು ಒಂದು ದಿನ ತಟ್ಟೆ ಕುಕ್ಕಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ, ಹೊರಗೆ ಕೂತವರು “ಇವತ್ತ ಅಂಥಾದ್ದೇನ ಆತು?” ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಇವತ್ತು ಏನೂ ಆಗಿರುವುದಿಲ್ಲ. ಸಾರಿಗೆ ಉಪ್ಪು ಕಡಿಮೆಯೆಂದು ಚಿಕ್ಕ ಮಗ ಅಂದಿರುತ್ತಾನೆ, ಅಷ್ಟೇ. ಅವನನ್ನು ಬೈದು ಎಲ್ಲರೂ ಸಮಾಧಾನ ಪಟ್ಟುಕೊಳ್ಳುತ್ತಾರೆ. ಕೊನೆಯ ಬಾಗಿಗೆ ಹೆಸರಿದೆ, ದಿನಾಂಕವಿದೆ, ಅದನ್ನು ಹಿಡಿದು ನಿಲ್ಲಿಸಬಹುದು. ಅದರ ಹಿಂದಿನ ಸಾವಿರ ಬಾಗುಗಳಿಗೆ ಹೆಸರಿಲ್ಲ, ಅವು ನಮ್ಮೆಲ್ಲರವು. ನ್ಯಾಯ ಹೇಳಲು ಕೂರುವವರು, ಅವರು ತಂದೆತಾಯಿಯಿರಲಿ, ಮೇಷ್ಟ್ರಿರಲಿ, ಊರ ಹಿರಿಯರಿರಲಿ, ಮುರಿದ ತುದಿಯಲ್ಲಿ ಕಪ್ಪು ಭಾಗವನ್ನು ಹುಡುಕಬೇಕೆಂದು ನನ್ನ ಬೇಡಿಕೆ. ಹುಡುಕಿದರೆ ಎಲ್ಲರ ಬೆರಳಿನ ಗುರುತೂ ಅಲ್ಲಿ ಸಿಕ್ಕೀತು ಎಂಬ ಹೆದರಿಕೆಯಿಂದಲೇ ನಾವು ಹುಡುಕುವುದಿಲ್ಲವೇನೋ.

ಇಕ್ಕಳದ ವಿಷಯವನ್ನೂ ಹೇಳಬೇಕು. ಹಲ್ಲಿರುವ ಇಕ್ಕಳದಿಂದ ಹಿಡಿದು ಹೊಸೆದ ತಂತಿಯ ಮೇಲೆ ಸಣ್ಣ ಸಣ್ಣ ಕಚ್ಚುಗಳು ಬೀಳುತ್ತವೆ, ಬೆಳಕಿಗೆ ಹಿಡಿದರಷ್ಟೇ ಕಾಣುವಂಥವು. ಮುಂದೆ ಬಿರುಕು ಹುಡುಕಿಕೊಂಡು ಹೋಗುವುದು ಅದೇ ಕಚ್ಚನ್ನು. ಕೈ ಮಾಡುವಾಗಲೇ, ಮಾಡುವವರಿಂದಲೇ ಆದ ಗಾಯ ಅದು. ಅದಕ್ಕೆ ಇಕ್ಕಳದ ಬಾಯಿಗೆ ಟೇಪು ಸುತ್ತಬೇಕು, ಇಲ್ಲವೆ ಬರಿಗೈಯಲ್ಲಿ ಹೊಸೆಯಬೇಕು. ಮಗು ಚಿಕ್ಕದಿರುವಾಗ ಅದರ ಬಣ್ಣದ ಬಗ್ಗೆ, ನಡಿಗೆಯ ಬಗ್ಗೆ, ಉಗ್ಗಿನ ಬಗ್ಗೆ ಮನೆಯವರೇ ಆಡುವ ಮಾತುಗಳು ಇಂಥ ಕಚ್ಚುಗಳು. ಆಗ ರಕ್ತ ಬರುವುದಿಲ್ಲ. ಮೂವತ್ತು ವರ್ಷ ಕಳೆದು, ಯಾವುದೋ ಊರಿನಲ್ಲಿ, ಸಂಬಂಧವೇ ಇಲ್ಲದ ಯಾರೋ ಒತ್ತಿದಾಗ ಮುರಿಯುವುದು ಸರಿಯಾಗಿ ಅಲ್ಲಿಯೇ.

ಬಿರುಸಾದ ಲೋಹ ಮತ್ತೆ ಮೆತ್ತಗಾಗುವ ದಾರಿ ಒಂದಿದೆ, ಪತ್ತಾರರಿಗೆ ಅದು ದಿನದ ಕೆಲಸ. ಬಂಗಾರದ ತಂತಿಯನ್ನು ಉಕ್ಕಿನ ಪಟ್ಟಿಯ ತೂತಿನಿಂದ ತೂತಿಗೆ ಎಳೆಯುತ್ತ ಹೋದಂತೆ ಅದು ಸೆಟೆಯುತ್ತದೆ. ಆಗ ಎಳೆಯುವುದನ್ನು ನಿಲ್ಲಿಸಿ ಕಾಸಿ, ತಣಿಯಲು ಬಿಟ್ಟು, ಮತ್ತೆ ಎಳೆಯುತ್ತಾರೆ. ಕಾದಾಗ ಒಳಗಿನ ಸಿಕ್ಕುಗಳು ಬಿಡಿಸಿಕೊಳ್ಳುತ್ತವೆ, ಕಣಗಳು ಹೊಸದಾಗಿ ಜೋಡಿಕೊಳ್ಳುತ್ತವೆ. ಕಾಸದೆ ಎಳೆದರೆ ಬಂಗಾರವೂ ತುಂಡಾಗುತ್ತದೆ. ಆದರೆ ಬಟ್ಟೆ ಹೊಲಿದ ಕೈಯನ್ನು ಬೆಂಕಿಗೆ ಹಿಡಿಯಲಾಗುವುದಿಲ್ಲ. ಹೊಲಿಗೆ ಬಿಚ್ಚಬೇಕು, ತಂತಿಯನ್ನು ಹೊರಗೆ ತೆಗೆಯಬೇಕು. ದಣಿದವರಿಗೆ ವಿಶ್ರಾಂತಿ ಕೊಟ್ಟೆವು ಎಂದು ನಾವು ಹೇಳುವಾಗ ಹೆಚ್ಚಿನ ಸಲ ಪಾತ್ರದ ಉಡುಪು ಕಳಚಿರುವುದಿಲ್ಲ. ತವರಿಗೆ ಹೋದ ಮಗಳು ಅಲ್ಲಿಯೂ ರೊಟ್ಟಿ ಬಡಿಯುತ್ತಾಳೆ, ಫೋನಿನಲ್ಲಿ ಗಂಡನಿಗೆ ಅಂಗಿ ಎಲ್ಲಿದೆಯೆಂದು ಹೇಳುತ್ತಾಳೆ.

ನಮ್ಮ ಸ್ವಂತ ಕೈ ಹೇಗಿದೆ ನೋಡಿ. ಒಂದೊಂದು ಕೈಯಲ್ಲಿ 27 ಎಲುಬು, ಅವುಗಳಲ್ಲಿ 14 ಬೆರಳುಗಳಲ್ಲಿವೆ. ಬೆರಳಿನಲ್ಲಿ ಅದನ್ನು ಬಗ್ಗಿಸುವ ಸ್ನಾಯು ಒಂದೂ ಇಲ್ಲ. ಬಗ್ಗಿಸುವ ಬಲ ಮೊಣಕೈಯ ಕೆಳಗಿನ ತೋಳಿನಲ್ಲಿ, ಅಂಗೈಯಲ್ಲಿ. ಅಲ್ಲಿಂದ ಉದ್ದನೆಯ ಸ್ನಾಯುರಜ್ಜುಗಳು ಮಣಿಕಟ್ಟು ದಾಟಿ ಬೆರಳ ತುದಿಯವರೆಗೆ ಬಂದಿವೆ. ಮುಷ್ಟಿ ಕಟ್ಟಿ ಬಿಚ್ಚುತ್ತ ಇನ್ನೊಂದು ಕೈಯಿಂದ ಮುಂಗೈ ಮುಟ್ಟಿಕೊಂಡರೆ ಒಳಗೆ ಸೂತ್ರಗಳು ಎಳೆಯುವುದು ತಿಳಿಯುತ್ತದೆ. ಉಪ್ಪಿನಕುದ್ರುವಿನ ಗೊಂಬೆಗೂ ನಮ್ಮ ಬೆರಳಿಗೂ ನಂಟು ಅಷ್ಟು ಹತ್ತಿರದ್ದು. ಆದರೆ ಸ್ನಾಯುರಜ್ಜು ಸವೆದದ್ದನ್ನು ರಾತ್ರಿ ಮಲಗಿದಾಗ ಮೈ ಅಷ್ಟಿಷ್ಟು ರಿಪೇರಿ ಮಾಡಿಕೊಳ್ಳುತ್ತದೆ. ತಂತಿಗೆ ರಾತ್ರಿಯಿಲ್ಲ. ಅದರ ರಿಪೇರಿ ಪೂರ್ತಿಯಾಗಿ ನಮ್ಮ ಮೇಲಿದೆ, ಅದರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ.

ಬಾಗದ ಕೈಗೂ ಕ್ಷೇಮವಿಲ್ಲ ಎಂಬುದು ತಿಳಿಯಲು ಹಳೆಯ ಗುಡಿಗಳ ಕೈ ಮುರಿದ ಶಿಲ್ಪಗಳನ್ನು ನೋಡಿದರೆ ಸಾಕು. ನಮ್ಮ ಊರಿನ ಚಂದ್ರಮೌಳೇಶ್ವರ ಗುಡಿ ಚಾಲುಕ್ಯರ ಕಾಲದ್ದು, ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ಮುಖದ ಲಿಂಗ. ಇಂಥ ಗುಡಿಗಳನ್ನು ಕಟ್ಟಿದ ಕಾಲದ ಶಿಲ್ಪಿಗಳು ಕೈಯನ್ನು ಗಾಳಿಯಲ್ಲಿ ಒಂಟಿಯಾಗಿ ಚಾಚಲು ಬಿಟ್ಟದ್ದು ಕಡಿಮೆ. ಆಯುಧಕ್ಕೋ, ಬಳ್ಳಿಗೋ, ಪ್ರಭಾವಳಿಗೋ, ತೊಡೆಗೋ ತಾಗಿಸಿ ಕಡೆದರು. ಯಾವ ಕೈಗೆ ಆಸರೆ ಇತ್ತೋ ಅದು ಉಳಿಯುವ ಸಂಭವ ಹೆಚ್ಚು.

ಈಗ ನಾನು ಮಾಡುವ ಕೈಗಳಿಗೆಲ್ಲ ಮಣಿಕಟ್ಟಿನಲ್ಲಿ ಚೌಕದ ಹಿತ್ತಾಳೆ ಕೊಳವೆ ಇರುತ್ತದೆ. ಕೈಯ ಕಡೆ ಸಣ್ಣ ಕೊಳವೆ, ತೋಳಿನ ಕಡೆ ಅದು ಸರಿಯಾಗಿ ಕೂರುವಷ್ಟು ದೊಡ್ಡದು. ಒಳಗೆ ತೂರಿಸಿ ತೋಳಿನ ಬಟ್ಟೆಯನ್ನು ಮೇಲೆ ಎಳೆದರೆ ಮುಗಿಯಿತು. ಚೌಕವಾದ್ದರಿಂದ ತಿರುಗುವುದಿಲ್ಲ, ಎಳೆದರೆ ಬರುತ್ತದೆ. ಅಂಗೈಯ ಒಳಬದಿಯ ಹೊಲಿಗೆಯನ್ನು ಬೇರೆ ಬಣ್ಣದ ದಾರದಿಂದ ಹಾಕುತ್ತೇನೆ, ಬಿಚ್ಚಬೇಕಾದವರಿಗೆ ಎಲ್ಲಿ ಕತ್ತರಿ ಇಡಬೇಕೆಂದು ತಿಳಿಯಲಿ ಎಂದು. ಗೊಂಬೆಯ ಜೊತೆ ಇನ್ನೊಂದು ಜೋಡಿ ಕೈ, ಒಂದು ಸೂಜಿ, ಒಂದು ಸುತ್ತು ತಂತಿ ಕೊಡುತ್ತೇನೆ. ಇದನ್ನು ನೋಡಿ ಕೆಲವು ಮೇಷ್ಟ್ರುಗಳಿಗೆ ಬೇಸರ. “ಮದ್ಲ ಮುರೀತೈತಿ ಅಂತ ಹೇಳಿ ಕೊಟ್ರ ಹುಡುಗ್ರು ಜ್ವಾಪಾನ ಮಾಡಂಗಿಲ್ರೀ ಅಕ್ಕಾರ” ಎಂದು ಒಬ್ಬರು ಹೇಳಿದರು. ಅವರ ಮಾತಿನಲ್ಲಿ ಕಾಳಜಿ ಇತ್ತು. ಆದರೂ ನಾನು ಒಪ್ಪುವುದಿಲ್ಲ. ಮುರಿಯುವುದೇ ಇಲ್ಲವೆಂದು ನಂಬಿಸಿದ ವಸ್ತುವನ್ನು ಜನ ಹೆಚ್ಚು ನಿರ್ದಯವಾಗಿ ಬಳಸುತ್ತಾರೆ, ಮುರಿದ ದಿನ ಹೆಚ್ಚು ನಿರ್ದಯವಾಗಿ ಎಸೆಯುತ್ತಾರೆ.

ಒಂದು ಶಾಲೆಯಲ್ಲಿ ಹೀಗೆ ಮಾಡಿಸಿದೆ. ಅಜ್ಜಿ ಗೊಂಬೆಯ ತೋರುಬೆರಳು ಹೋಗಿತ್ತು. ಕಥೆಯಲ್ಲಿ ಮಾತುಮಾತಿಗೆ ಬೆರಳು ತೋರಿಸಿ ಬೈಯುವ ಅಜ್ಜಿ, ಸಹಜವೇ. ಕೊನೆಗೆ ಗೊಂಬೆ ಹಿಡಿದಿದ್ದ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಎಲ್ಲರನ್ನೂ ಸುತ್ತ ಕೂರಿಸಿ, ಅವನ ಕೈಯಿಂದಲೇ ಹೊಲಿಗೆ ಬಿಚ್ಚಿಸಿ, ತಂತಿ ಹೊರಗೆ ತೆಗೆಸಿದೆ. ತುಂಡಾದ ಎಳೆಗಳನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದರು. ಆಮೇಲೆ ಹೊಸ ತಂತಿಯ ತುಂಡೊಂದನ್ನು ಕೊಟ್ಟು, ಒಂದೇ ಜಾಗದಲ್ಲಿ ಒಬ್ಬೊಬ್ಬರು ಒಂದೊಂದು ಸಲ ಹಿಂದೆ ಮುಂದೆ ಬಗ್ಗಿಸಿ ಪಕ್ಕದವರಿಗೆ ಕೊಡಿ ಎಂದೆ. ಸಾಲು ಪೂರ್ತಿಯಾಗುವ ಮೊದಲೇ ಒಬ್ಬ ಹುಡುಗಿಯ ಕೈಯಲ್ಲಿ ಅದು ತುಂಡಾಯಿತು. ಅವಳು ಗಾಬರಿಯಾಗಿ ಸುತ್ತ ನೋಡಿದಳು. ಯಾರೂ ಅವಳ ಕಡೆ ಬೆರಳು ತೋರಿಸಲಿಲ್ಲ. ಪಕ್ಕದವನು “ನಂದೂ ಐತ್ಲೇ ಅದರಾಗ” ಎಂದ. ಅಜ್ಜಿ ಗೊಂಬೆಗೆ ಬದಲಿ ಕೈಯನ್ನು ಮೊದಲಿನ ಹುಡುಗನೇ ಹಾಕಿದ. ಆಟ ಮುಂದುವರಿಯುವ ಮೊದಲು ಮಕ್ಕಳೇ ಕೂತು ಕಥೆಯಲ್ಲಿ ಒಂದು ಬದಲಾವಣೆ ಮಾಡಿದರು: ಅಜ್ಜಿ ಪ್ರತಿ ಸಲವೂ ಬಲಗೈಯ ತೋರುಬೆರಳೇ ಎತ್ತಬೇಕಾಗಿಲ್ಲ, ಒಮ್ಮೆ ಎಡಗೈ ಸೊಂಟದ ಮೇಲೆ ಇಟ್ಟು ಬೈಯಲಿ, ಒಮ್ಮೆ ಬರೀ ತಲೆ ಅಲ್ಲಾಡಿಸಲಿ. ಹೊಸ ಕೈಗೆ ಎಂಸೀಲ್ ಇನ್ನಷ್ಟು ಹಚ್ಚಲೇ ಎಂದು ನಾನು ಕೇಳಿದೆ. ಬೇಡವೆಂದರು.